ಬಣ್ಣವಿಲ್ಲದ ವಿಮಾನಕ್ಕೆ ಬಣ್ಣ

ಮೇಜಿನ ಮೇಲೆ ಒಂದು ಪುಟ್ಟ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ ಅಳೆದರೆ ಹದಿನಾರು ಸೆಂಟಿಮೀಟರು ಸಹ ಇಲ್ಲ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಬೂದುಬಣ್ಣದ ಪ್ಲಾಸ್ಟಿಕ್ ತುಂಡುಗಳನ್ನು ಕೂಡಿಸಿ, ಅಂಟಿಸಿ, ಉಜ್ಜಿ, ಎರಡನೆಯ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನವಾದ ಮಸ್ಟಾಂಗಿನ ಆಕಾರಕ್ಕೆ ತಂದದ್ದಾಗಿದೆ. ಇನ್ನು ಉಳಿದಿರುವುದು ಬಣ್ಣವೊಂದೇ. ಆ ವಿಮಾನವೋ ಬಿಸಿಲಿನಲ್ಲಿ ಬೆಳ್ಳಗೆ ಥಳಥಳಿಸುತ್ತಿದ್ದುದು. ಅಂದ ಮೇಲೆ ಬೆಳ್ಳಿಬಣ್ಣದ ಡಬ್ಬಿಯೊಂದನ್ನು ತೆರೆದು ಕುಂಚದಿಂದ ಬಳಿದರಾಯಿತು ಎಂದು ಯಾರಿಗಾದರೂ ತೋರುವುದು ಸಹಜ. ಬಳಿದದ್ದೂ ಆಯಿತು. ಒಣಗಿದ ಮೇಲೆ ನೋಡಿದರೆ ಮೇಜಿನ ಮೇಲಿರುವುದು ವಿಮಾನವಲ್ಲ, ಹಬ್ಬಕ್ಕೆಂದು ಬಣ್ಣ ಹೊಡೆಸಿದ ಕಬ್ಬಿಣದ ಗೇಟು!

ಮಾದರಿ ವಿಮಾನಗಳನ್ನು ಕಟ್ಟುವ ಹವ್ಯಾಸವುಳ್ಳವರಿಗೆ ಈ ನಿರಾಶೆ ಹೊಸದಲ್ಲ. ಹಸಿರು, ಕಂದು ಮುಂತಾದ ಮರೆಬಣ್ಣಗಳ ವಿಮಾನವಾದರೆ ಕೈಯ ಸಣ್ಣಪುಟ್ಟ ತಪ್ಪುಗಳು ಬಣ್ಣದ ಅಡಿಯಲ್ಲಿ ಅಡಗಿಹೋಗುತ್ತವೆ. ಬಣ್ಣವನ್ನೇ ಹಚ್ಚಿಕೊಳ್ಳದೆ ಬರಿಯ ಲೋಹದ ಮೈಯಲ್ಲಿ ಹಾರಿದ ವಿಮಾನವನ್ನು ಪ್ಲಾಸ್ಟಿಕ್ಕಿನಲ್ಲಿ ಹಿಡಿದು ತೋರಿಸುವುದು ಮಾತ್ರ ಈ ಕುಶಲಕಲೆಯ ಅತಿ ಕಠಿಣವಾದ ಭಾಗವೆಂದು ನುರಿತವರೂ ಒಪ್ಪುತ್ತಾರೆ. ಆ ಗೋಜೇ ಬೇಡವೆಂದು ಬೆಳ್ಳಿಯ ವಿಮಾನಗಳ ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಅಟ್ಟದ ಮೇಲೆಯೇ ಇಟ್ಟಿರುವವರು ಹಲವರುಂಟು.

ಲೋಹಕ್ಕೆ ಬಣ್ಣವೆಲ್ಲಿಯದು?

ತೊಡಕಿರುವುದು ಲೋಹದ ಗುಣದಲ್ಲಿಯೇ. ಶುದ್ಧವಾದ ಅಲ್ಯುಮಿನಿಯಮ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಅದೂ ಕೆಂಪು, ಹಸಿರು, ನೀಲಿ ಎಂಬ ಭೇದವನ್ನು ಹೆಚ್ಚಾಗಿ ಎಣಿಸದೆ. ಆದುದರಿಂದ ಅದಕ್ಕೆ ತನ್ನದೆಂಬ ಬಣ್ಣವೇ ಇಲ್ಲವೆನ್ನಬೇಕು. ಬಯಲಿನಲ್ಲಿ ನಿಂತ ವಿಮಾನದ ಬೆನ್ನಿನಲ್ಲಿ ಆಕಾಶವಿರುತ್ತದೆ, ಹೊಟ್ಟೆಯಲ್ಲಿ ಹುಲ್ಲೂ ಮಣ್ಣೂ ಇರುತ್ತವೆ. ಮೋಡ ಸರಿದರೆ ವಿಮಾನದ ಮೈಯೂ ಬದಲಾಗುತ್ತದೆ. ಡಬ್ಬಿಯ ಬೆಳ್ಳಿಬಣ್ಣಕ್ಕೆ ಈ ಚಂಚಲತೆ ಬರುವುದೆಲ್ಲಿಂದ? ಆ ಬಣ್ಣವೆಂದರೆ ಅರಗಿನಂಥ ದ್ರವದಲ್ಲಿ ತೇಲಿಬಿಟ್ಟ ಲೋಹದ ಚೂರುಗಳು. ಚೂರುಗಳು ಎತ್ತೆತ್ತಲೋ ಮುಖ ಮಾಡಿ ಕುಳಿತಿರುವುದರಿಂದ ಬೆಳಕು ಚೆದರುತ್ತದೆ, ಪ್ರತಿಬಿಂಬ ಮೂಡುವುದಿಲ್ಲ.

ಗಾತ್ರದ ಲೆಕ್ಕವೂ ಇಲ್ಲಿ ಅಡ್ಡ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ಮಾದರಿಗಳು ನಿಜವಸ್ತುವಿನ ೭೨ರಲ್ಲಿ ಒಂದು ಪಾಲು. ಎಂದರೆ ಆರು ಅಡಿಗೆ ಒಂದು ಅಂಗುಲ. ಬಣ್ಣದಲ್ಲಿರುವ ಒಂದು ಚೂರು ೦.೦೫ ಮಿಲಿಮೀಟರು ಅಗಲವಿದ್ದರೂ, ನಿಜವಾದ ವಿಮಾನದ ಮೇಲೆ ಅದು ಮೂರೂವರೆ ಮಿಲಿಮೀಟರಿನ ಮಿಣುಕಿಗೆ ಸಮ. ಹುಣಿಸೆಬೀಜದ ಸಿಪ್ಪೆಯಷ್ಟು ಮಿಣುಕುಗಳನ್ನು ಮೈತುಂಬ ಮೆತ್ತಿಕೊಂಡ ಯುದ್ಧವಿಮಾನವನ್ನು ಕಂಡವರಾರು? ಹಾಗೆಂದು ಕನ್ನಡಿಯಂತೆ ಮಿಂಚಿಸಿದರೂ ತಪ್ಪಾಗುತ್ತದೆ. ಮಾದರಿಯನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ೭೨ ಅಡಿ ದೂರದಿಂದ ನೋಡಿದಂತೆ. ನಿಜವಾದ ವಿಮಾನದ ತಗಡು ರಿವೆಟ್ಟುಗಳ ನಡುವೆ ಸ್ವಲ್ಪ ಸ್ವಲ್ಪ ತಗ್ಗಿ ಉಬ್ಬಿರುತ್ತದೆ. ಅದರಲ್ಲಿ ಬಿದ್ದ ಪ್ರತಿಬಿಂಬ ಕೆರೆಯ ನೀರಿನಲ್ಲಿ ಬಿದ್ದಂತೆ ಒಡೆದುಹೋಗುತ್ತದೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿಗೆ ಈ ಅಲೆಗಳಿಲ್ಲ.

ಒಂದೇ ಲೋಹ ಹಲವು ಮುಖ ತೋರಿಸಬಲ್ಲುದೆಂಬುದನ್ನು ಅರಿಯಲು ದೂರ ಹೋಗಬೇಕಾದುದಿಲ್ಲ. ಅಂಗಡಿಯಿಂದ ತಂದ ಹೊಸ ಅಲ್ಯುಮಿನಿಯಮ್ ಪಾತ್ರೆಯ ಹೊಳಪು ಒಂದು ಬಗೆ. ನಾಲ್ಕು ದಿನ ಗಡಸುನೀರು ಕಾಯಿಸಿದರೆ ಒಳಮೈ ಕಪ್ಪಿಡುತ್ತದೆ. ಹುಣಿಸೆಹಣ್ಣು ಹಾಕಿ ಕುದಿಸಿದರೆ ಮತ್ತೆ ಬೆಳಗುತ್ತದೆ. ತೆಂಗಿನ ನಾರಿನಿಂದ ದಿನವೂ ಉಜ್ಜಿದ ಹೊರಮೈಯಲ್ಲಿ ಉಜ್ಜಿದ ಕೈಯ ದಿಕ್ಕಿನಲ್ಲಿಯೇ ಸಣ್ಣ ಗೆರೆಗಳು ಹಾಯ್ದಿರುತ್ತವೆ. ಅಡಿಗೆಮನೆಯ ಗೃಹಿಣಿಗೆ ಚೆನ್ನಾಗಿ ತಿಳಿದಿರುವ ಈ ಸಂಗತಿಯನ್ನೇ ಹವ್ಯಾಸಿ ಬಹಳ ಖರ್ಚು ಮಾಡಿ ಕಲಿಯುತ್ತಾನೆ.

ಮೈಬಿಚ್ಚಿ ಹಾರಿದ ವಿಮಾನಗಳು

ಅಲ್ಯುಮಿನಿಯಮ್ ಹಗುರವಾದರೂ ಬಲಹೀನ. ಅದಕ್ಕೆ ಸುಮಾರು ನಾಲ್ಕು ಪಾಲು ತಾಮ್ರವನ್ನೂ, ಕೊಂಚ ಮ್ಯಾಂಗನೀಸ್, ಮೆಗ್ನೀಸಿಯಮ್‌ಗಳನ್ನೂ ಬೆರೆಸಿ ಕಾಯಿಸಿ ನೀರಿನಲ್ಲಿ ಅದ್ದಿಟ್ಟರೆ, ಕೆಲವು ದಿನಗಳಲ್ಲಿ ಅದು ತಾನಾಗಿಯೇ ಗಟ್ಟಿಯಾಗುತ್ತದೆಂಬ ಸೋಜಿಗವನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ ೧೯೦೬ರಲ್ಲಿ ಕಂಡುಹಿಡಿದನು. ಡ್ಯುರಾಲುಮಿನ್ ಎಂಬ ಆ ಮಿಶ್ರಲೋಹವೇ ವಿಮಾನಗಳ ಎಲುಬೂ ಚರ್ಮವೂ ಆಯಿತು. ಆದರೆ ತಾಮ್ರ ಸೇರಿದ್ದರಿಂದ ಗಾಳಿ ಮಳೆಗೆ ಅದು ಬೇಗ ಕೊರೆದುಹೋಗುತ್ತಿತ್ತು. ಇದಕ್ಕೆ ಮದ್ದಾಗಿ ೧೯೨೦ರ ದಶಕದ ಕೊನೆಯಲ್ಲಿ ಅಮೆರಿಕದ ಆಲ್ಕೋವಾ ಸಂಸ್ಥೆಯವರು ಗಟ್ಟಿಲೋಹದ ತಗಡಿನ ಎರಡೂ ಮೈಗೆ ಶುದ್ಧ ಅಲ್ಯುಮಿನಿಯಮ್ಮಿನ ತೆಳುಪೊರೆಯನ್ನು ಬೆಸೆದು ಆಲ್‌ಕ್ಲಾಡ್ ಎಂಬ ತಗಡನ್ನು ತಂದರು. ಬರಿಮೈ ಎಂದು ನಾವು ಕರೆಯುವ ವಿಮಾನದಲ್ಲಿ ಹೊಳೆಯುತ್ತಿರುವುದು ಕೂಡ, ನೋಡಹೋದರೆ, ಒಂದು ಲೇಪವೇ!

ಯುದ್ಧ ಬಂದಾಗ ಈ ಹೊಳಪನ್ನೆಲ್ಲ ಮರೆಬಣ್ಣದಿಂದ ಮುಚ್ಚಲಾಯಿತು. ಆದರೆ ೧೯೪೪ರ ಆರಂಭದಿಂದ ಅಮೆರಿಕದ ಕಾರ್ಖಾನೆಗಳು ಯುದ್ಧವಿಮಾನಗಳಿಗೆ ಬಣ್ಣ ಹಚ್ಚುವುದನ್ನು ಬಹುಮಟ್ಟಿಗೆ ನಿಲ್ಲಿಸಿದುವು. ಬಣ್ಣದ ತೂಕ ಉಳಿಯಿತು, ಆಳುಗಳ ಹೊತ್ತು ಉಳಿಯಿತು, ವೇಗ ಕೊಂಚ ಹೆಚ್ಚಿತು. ವೈರಿಯ ವಿಮಾನಬಲ ಕುಗ್ಗುತ್ತಿದ್ದುದರಿಂದ ಅಡಗಿಕೊಳ್ಳುವ ಅಗತ್ಯವೂ ಮೊದಲಿನಷ್ಟು ಇರಲಿಲ್ಲ. ಆದರೂ ಹಸಿರು ವಿಮಾನಗಳ ಗುಂಪಿನ ನಡುವೆ ಒಂಟಿಯಾಗಿ ಮಿನುಗುತ್ತ ಹೋಗಬೇಕಾದ ಮೊದಲ ಬೆಳ್ಳಿಯ ಬಾಂಬರುಗಳ ಸಿಬ್ಬಂದಿಗೆ ಎದೆಯಲ್ಲಿ ಅಳುಕಿದ್ದಿತು. ಗುರಿಯಾಗುವುದು ತಮ್ಮ ವಿಮಾನವೇ ಎಂಬ ಭಯ. ಮಾದರಿಯ ಮೇಲಿನ ಹೊಳಪು ಬರಿಯ ಅಲಂಕಾರವಲ್ಲವೆಂಬುದನ್ನು ತಿಳಿಯಲು ಇದಿಷ್ಟನ್ನು ನೆನೆದರೆ ಸಾಕು.

ಈಗ ಮೇಜಿನ ಮೇಲಿನ ಮಸ್ಟಾಂಗಿಗೆ ಮರಳಬಹುದು. ಇದರ ವಿಚಾರದಲ್ಲಿ ಹವ್ಯಾಸಿಗಳು ದಶಕಗಳ ಕಾಲ ಮೋಸಹೋದ ಒಂದು ಸ್ವಾರಸ್ಯವಿದೆ. ವಿಮಾನದ ಒಡಲು ಬರಿಯ ಲೋಹವೇ ಹೌದು. ರೆಕ್ಕೆ ಮಾತ್ರ ಹಾಗಲ್ಲ. ಮಸ್ಟಾಂಗಿನ ರೆಕ್ಕೆ ಗಾಳಿಯನ್ನು ಕದಡದೆ ಪದರಪದರವಾಗಿ ಹಾಯಿಸುವಂತೆ ರಚಿತವಾದುದು. ಒಂದು ರಿವೆಟ್ಟಿನ ತಲೆ ಅಥವಾ ತಗಡಿನ ಸಂದು ಸಾಕು, ಆ ಉದ್ದೇಶ ಕೆಡಲು. ಆದಕಾರಣ ನಾರ್ತ್ ಅಮೆರಿಕನ್ ಕಾರ್ಖಾನೆಯಲ್ಲಿ ರೆಕ್ಕೆಯ ಮುಂಭಾಗದ ಸಂದುಗಳಿಗೂ ರಿವೆಟ್ಟುಗಳಿಗೂ ಲಪ್ಪ ತುಂಬಿ, ನಯವಾಗಿ ಉಜ್ಜಿ, ರೆಕ್ಕೆಗೆ ಬೆಳ್ಳಿಬಣ್ಣ ಹಚ್ಚಿಯೇ ಕಳುಹಿಸುತ್ತಿದ್ದರು. ಹಿಂಬದಿಯ ಚುಕ್ಕಾಣಿಯಂತೂ ಬಟ್ಟೆಯದು. ಅದಕ್ಕೂ ಬೆಳ್ಳಿಯ ಲೇಪವೇ. ಎಂದರೆ ಒಂದೇ ವಿಮಾನದಲ್ಲಿ ಲೋಹದ ಬೆಳ್ಳಿ, ಬಣ್ಣದ ಬೆಳ್ಳಿ, ಬಟ್ಟೆಯ ಬೆಳ್ಳಿ ಎಂದು ಮೂರು ಬೆಳ್ಳಿಗಳು! ಇಂದು ವಿಮಾನಪ್ರದರ್ಶನಗಳಲ್ಲಿ ಹಾರುವ ಮಸ್ಟಾಂಗುಗಳ ರೆಕ್ಕೆಯಲ್ಲಿ ಪ್ರತಿಯೊಂದು ರಿವೆಟ್ಟೂ ಎದ್ದು ಕಾಣುತ್ತದೆ, ಮೈ ಕನ್ನಡಿಯಂತೆ ಹೊಳೆಯುತ್ತದೆ. ಅದು ಈಗಿನ ಒಡೆಯರ ಮಮತೆಯ ಫಲ, ಯುದ್ಧಕಾಲದ ರೂಪವಲ್ಲ. ಅದನ್ನು ಕಂಡು ಮಾದರಿಯ ರೆಕ್ಕೆಯನ್ನು ಮಿಂಚಿಸಿದವನು ಎಷ್ಟು ಶ್ರಮಪಟ್ಟನೋ ಅಷ್ಟೂ ನಿಜದಿಂದ ದೂರ ಸರಿದನೆನ್ನಬೇಕು. ಮೊದಲು ನಾವು ಹೀಗಳೆದ ಡಬ್ಬಿಯ ಬೆಳ್ಳಿಬಣ್ಣಕ್ಕೆ, ಅದು ನುಣುಪಾಗಿದ್ದರೆ, ಈ ರೆಕ್ಕೆಯ ಮೇಲೆ ನ್ಯಾಯವಾದ ಸ್ಥಾನವುಂಟು.

ಗೀರಿನ ಕಾಟ

ಬಣ್ಣ ಯಾವುದೇ ಇರಲಿ, ಅದಕ್ಕೆ ಮುಂಚಿನ ಕೆಲಸವೇ ಮುಕ್ಕಾಲು ಪಾಲು. ಲೋಹದ ಹೊಳಪು ಅಡಿಯಲ್ಲಿರುವ ದೋಷವನ್ನು ಮುಚ್ಚುವುದಿಲ್ಲ, ಚಾಡಿ ಹೇಳುತ್ತದೆ. ಮನುಷ್ಯನ ತಲೆಗೂದಲು ಸುಮಾರು ೦.೦೭ ಮಿಲಿಮೀಟರು ದಪ್ಪ. ಅಷ್ಟು ಅಗಲದ ಗೀರು ಮಾದರಿಯ ಮೇಲಿದ್ದರೆ ನಿಜವಾದ ವಿಮಾನದಲ್ಲಿ ಅದು ಐದು ಮಿಲಿಮೀಟರಿನ ಬಿರುಕು! ಆದ್ದರಿಂದ ಎರಡು ಅರ್ಧಗಳು ಕೂಡಿದ ಸಂದನ್ನು ತುಂಬಿ, ಒದ್ದೆ ಉಜ್ಜುಕಾಗದದಿಂದ ಮೊದಲು ಒರಟು, ಬಳಿಕ ನಯ, ಬಳಿಕ ಅದಕ್ಕಿಂತ ನಯ ಎಂದು ಹಂತಹಂತವಾಗಿ ಉಜ್ಜುತ್ತ ಹೋಗಬೇಕು. ೪೦೦ರ ಅಂಕದ ಕಾಗದದಲ್ಲಿ ಪ್ರಾರಂಭಿಸಿ ಹಲವು ಸಾವಿರದ ಅಂಕದ ಬಟ್ಟೆಯವರೆಗೂ ಹೋಗುವವರಿದ್ದಾರೆ. ನಡುವೆ ಒಂದು ಹಂತ ಬಿಟ್ಟರೆ ಅದರ ಗೀರು ಕೊನೆಯಲ್ಲಿ ಮೇಲೆದ್ದು ಬರುತ್ತದೆ. ಕೊನೆಗೆ ಸೋಪಿನ ನೀರಿನಲ್ಲಿ ತೊಳೆದ ಮೇಲೆ ಬರಿಗೈಯಿಂದ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಲೋಹದ ಬಣ್ಣದ ಅಡಿಯಲ್ಲಿ ಅಚ್ಚೊತ್ತಿದಂತೆ ಉಳಿದುಬಿಡುತ್ತದೆ.

ಬಣ್ಣದ ಮಾರ್ಗವನ್ನು ಹಿಡಿದವರಿಗೆ ಈಗ ದೊರೆಯುವ ಸಾಧನಗಳು ಹಿಂದಿನವರಿಗಿರಲಿಲ್ಲ. ೧೯೯೦ರ ದಶಕದಲ್ಲಿ ಬಳಕೆಗೆ ಬಂದ ಆಲ್‌ಕ್ಲಾಡ್ ೨ ಎಂಬ ಲ್ಯಾಕರ್ ಬಣ್ಣಗಳು—ಹೆಸರನ್ನು ವಿಮಾನದ ತಗಡಿನಿಂದಲೇ ಪಡೆದವು—ಬಹಳ ಸೂಕ್ಷ್ಮವಾದ ಲೋಹಕಣಗಳಿಂದಾದುವು. ಇವನ್ನು ಕುಂಚದಿಂದ ಬಳಿಯುವುದಿಲ್ಲ. ಗಾಳಿಯ ಒತ್ತಡದಿಂದ ಮಂಜಿನಂತೆ ಸಿಂಪಡಿಸುವ ಏರ್‌ಬ್ರಷ್ ಬೇಕು. ಹೆಚ್ಚಿನ ಹೊಳಪು ಬೇಕಾದಲ್ಲಿ ಮೊದಲು ಇಡೀ ಮಾದರಿಗೆ ಹೊಳೆಯುವ ಕಪ್ಪುಬಣ್ಣವನ್ನು ಹಚ್ಚಿ ಚೆನ್ನಾಗಿ ಒಣಗಿಸುತ್ತಾರೆ. ಬೆಳ್ಳಿಯ ಅಡಿಗೆ ಕಪ್ಪೇ? ಹೌದು. ಗಾಜಿನಂತೆ ನುಣುಪಾದ ತಳವಿದ್ದರೆ ಕಣಗಳು ಮಗುಚಿ ಬೀಳದೆ ಚಪ್ಪಟೆಯಾಗಿ ಮಲಗುತ್ತವೆ. ಕಣಗಳ ನಡುವೆ ನುಸುಳಿದ ಬೆಳಕನ್ನು ಕಪ್ಪು ನುಂಗಿಬಿಡುವುದರಿಂದ ಅದು ಚೆದರಿ ಮೇಲೆ ಬಂದು ಹೊಳಪನ್ನು ಮಬ್ಬು ಮಾಡುವುದಿಲ್ಲ. ಬೆಳ್ಳಿ ಹೆಚ್ಚಾದಷ್ಟೂ ಕೆಡುತ್ತದೆ. ಕಪ್ಪು ಇನ್ನೇನು ಮರೆಯಾಯಿತು ಎನ್ನುವಲ್ಲಿ ಕೈ ನಿಲ್ಲಬೇಕು. ಈ ಬಣ್ಣಗಳ ಆವಿ ಶ್ವಾಸಕೋಶಕ್ಕೆ ಹಿತವಲ್ಲವಾದುದರಿಂದ ಕಿಟಕಿ ತೆರೆದಿರಬೇಕು, ಮುಖಕ್ಕೆ ಆವಿಯನ್ನು ತಡೆಯುವ ಮುಸುಕಿರಬೇಕು. ಮಕ್ಕಳಿರುವ ಕೋಣೆಯಲ್ಲಿ ಈ ಕೆಲಸ ಸಲ್ಲದು.

ಒಂದು ತಗಡಿಗೂ ಇನ್ನೊಂದಕ್ಕೂ ವ್ಯತ್ಯಾಸ ತೋರಿಸಲು ಅಂಟುಪಟ್ಟಿಯಿಂದ ಮರೆಮಾಡಿ ಬೇರೆ ಛಾಯೆಯನ್ನು ಸಿಂಪಡಿಸುವಾಗ ಅನಾಹುತ ಕಾದಿರುತ್ತದೆ. ಪಟ್ಟಿಯನ್ನು ಕೀಳುವಾಗ ಅಡಿಯ ಬೆಳ್ಳಿಯೂ ಕಿತ್ತು ಬಂದರೆ ಮೂರು ವಾರಗಳ ಕೆಲಸ ಅಂಗೈಯಷ್ಟು ಕಾಗದಕ್ಕೆ ಅಂಟಿಕೊಂಡಿರುತ್ತದೆ. ಅಂಥ ರಾತ್ರಿಗಳು ಪ್ರತಿಯೊಬ್ಬ ಹವ್ಯಾಸಿಯ ಜೀವನದಲ್ಲಿಯೂ ಬಂದೇ ಬರುತ್ತವೆ. ಪಟ್ಟಿಯನ್ನು ಮೊದಲು ಅಂಗೈಗೆ ಒಂದೆರಡು ಬಾರಿ ಅಂಟಿಸಿ ಕಿತ್ತು ಅದರ ಬಿಗುಪನ್ನು ಕಳೆಯಬೇಕೆಂಬ ಉಪಾಯ ಹೊಳೆಯುವುದು ಅದಾದ ಮೇಲೆ.

ಅಡಿಗೆಮನೆಯ ಹಾಳೆ

ಬಣ್ಣದ ಗೊಡವೆಯೇ ಬೇಡ, ಲೋಹವನ್ನು ಲೋಹದಿಂದಲೇ ತೋರಿಸೋಣ ಎನ್ನುವವರ ಪಂಥ ಇನ್ನೊಂದು. ಇವರು ಬಳಸುವುದು ಅಂಟು ಸಹಿತವಾಗಿ ಸಿದ್ಧವಾಗಿ ದೊರೆಯುವ ಬಹು ತೆಳುವಾದ ಹಾಳೆಯನ್ನು, ಇಲ್ಲವೆ ಚಪಾತಿ ಸುತ್ತುವ ಸಾಮಾನ್ಯ ಅಲ್ಯುಮಿನಿಯಮ್ ಹಾಳೆಯನ್ನು. ಈ ಎರಡನೆಯದರಲ್ಲಿ ಒಂದು ಸೊಗಸಾದ ಆಕಸ್ಮಿಕವಿದೆ. ಅದರ ದಪ್ಪ ೦.೦೧೫ ಮಿಲಿಮೀಟರಿನ ಆಸುಪಾಸು. ಇದನ್ನು ೭೨ರಿಂದ ಗುಣಿಸಿದರೆ ಒಂದು ಮಿಲಿಮೀಟರಿಗೆ ಕೊಂಚ ಹೆಚ್ಚು. ಆ ಕಾಲದ ಯುದ್ಧವಿಮಾನದ ತಗಡೂ ಹೆಚ್ಚುಕಡಿಮೆ ಅಷ್ಟೇ ದಪ್ಪ! ಅಡಿಗೆಮನೆಗೆಂದು ತಯಾರಿಸಿದ ಹಾಳೆ ಆಟಿಕೆಯ ಅಳತೆಗೆ ಸರಿಹೊಂದುವುದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಅದರ ಒಂದು ಮುಖ ಹೊಳಪು, ಇನ್ನೊಂದು ಮಂಕು. ಕೊನೆಯ ಸಲ ಉರುಳೆಗಳ ನಡುವೆ ಎರಡು ಹಾಳೆಗಳನ್ನು ಜೋಡಿಸಿ ಒತ್ತುವುದರಿಂದ, ಪರಸ್ಪರ ತಾಗಿಕೊಂಡಿದ್ದ ಮುಖಗಳು ಮಂಕಾಗಿ ಉಳಿಯುತ್ತವೆ. ಹವ್ಯಾಸಿಗೆ ಎರಡೂ ಮುಖ ಬೇಕು.

ಹಾಳೆಯ ಒಂದು ಮೈಗೆ ತೆಳುವಾಗಿ ಅಂಟು ಹಚ್ಚಿ, ಒಂದು ತಗಡಿನ ಅಳತೆಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಮಾದರಿಯ ಮೇಲಿರಿಸಿ, ನಡುವಿನಿಂದ ಅಂಚಿನ ಕಡೆಗೆ ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಂತೆ ಪ್ಲಾಸ್ಟಿಕ್ಕಿನಲ್ಲಿ ಕೊರೆದಿರುವ ತಗಡಿನ ಗೆರೆ ಹಾಳೆಯ ಮೇಲೆ ಮೂಡುತ್ತದೆ. ಆ ಗೆರೆಗುಂಟ ಹೊಸ ಅಲಗಿನಿಂದ ಹಗುರವಾಗಿ ಎಳೆದು ಮಿಕ್ಕ ಅಂಚನ್ನು ಸುಲಿದು ತೆಗೆಯಬೇಕು. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಚಿನ್ನದ ರೇಕನ್ನು ಕೂಡಿಸಿ ನಯವಾದ ಕಲ್ಲಿನಿಂದ ಮೆರುಗು ಕೊಡುವುದನ್ನು ಕಂಡವರಿಗೆ ಈ ಕೈಚಳಕದ ಪರಿಚಯ ಸುಲಭವಾಗಿ ಆದೀತು. ಒಂದು ತಗಡು ಮುಗಿಯಿತು; ಇನ್ನು ನೂರು ತಗಡುಗಳಿವೆ. ರೆಕ್ಕೆ ಒಡಲನ್ನು ಸೇರುವ ಬಾಗಿನಲ್ಲಿ, ಮೂಗಿನ ದುಂಡಿನಲ್ಲಿ ಹಾಳೆ ಸುಕ್ಕುಗಟ್ಟುತ್ತದೆ. ಅವಸರಪಟ್ಟರೆ ಹರಿಯುತ್ತದೆ. ಅಲ್ಲಿ ಕಿರಿದಾದ ಪಟ್ಟಿಗಳಾಗಿ ಹಚ್ಚಿ ಸಂದನ್ನು ಉಜ್ಜಿ ಅಡಗಿಸುವುದೊಂದೇ ದಾರಿ.

ಇಷ್ಟಾದ ಮೇಲೆಯೇ ನಿಜವಾದ ಕೆಲಸದ ಆರಂಭ. ಕಾರ್ಖಾನೆಯಲ್ಲಿ ತಗಡನ್ನು ಉರುಳೆಯಲ್ಲಿ ಎಳೆದ ದಿಕ್ಕಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಎಳೆಗಳಿರುತ್ತವೆ. ಒಂದು ತಗಡನ್ನು ಉದ್ದಕ್ಕೆ, ಪಕ್ಕದ್ದನ್ನು ಅಡ್ಡಕ್ಕೆ ಕತ್ತರಿಸಿ ಕೂಡಿಸಿದ್ದರೆ, ಒಂದೇ ಬೆಳಕಿನಲ್ಲಿ ಒಂದು ಬೆಳ್ಳಗೂ ಇನ್ನೊಂದು ಕಪ್ಪಗೂ ಕಾಣುತ್ತದೆ. ಮಾದರಿಯನ್ನು ತುಸು ತಿರುಗಿಸಿದರೆ ಬೆಳ್ಳಗಿದ್ದದ್ದು ಕಪ್ಪಾಗುತ್ತದೆ. ಅತಿ ನಯವಾದ ಉಕ್ಕಿನ ಉಣ್ಣೆಯಿಂದ ಪ್ರತಿಯೊಂದು ತುಂಡನ್ನೂ ಅದರದರ ದಿಕ್ಕಿನಲ್ಲಿ ಒಂದೆರಡು ಸಲ ಸವರಿದರೆ ಈ ಗುಣ ಹಾಳೆಗೂ ಬರುತ್ತದೆ. ಯಾವ ಬಣ್ಣದಿಂದಲೂ ಇದು ಪೂರ್ತಿಯಾಗಿ ಸಾಧ್ಯವಾಗದು. ಕೆಲವು ತುಂಡುಗಳನ್ನು ಮಂಕು ಮಾಡಬೇಕಾದಾಗ ಹಾಳೆಯನ್ನು ಮೊದಲೇ ನೀರಿನಲ್ಲಿ ಕುದಿಸಿ ತೆಗೆಯುವವರುಂಟು; ಪಾತ್ರೆ ಕಪ್ಪಿಡುವ ನ್ಯಾಯವೇ ಇಲ್ಲಿಯದೂ. ಜೆಟ್ ವಿಮಾನಗಳ ಹಿಂಭಾಗದ ಕಥೆ ಬೇರೆ. ಎಫ್-೧೦೦ ಸೂಪರ್ ಸೇಬರಿನ ಬಾಲದ ಬಳಿ ಬೆಂಕಿಯ ಝಳಕ್ಕೆ ಲೋಹದ ಮೇಲಿನ ಆಕ್ಸೈಡ್ ಪೊರೆ ದಪ್ಪವಾಗುತ್ತ ಹೋಗಿ, ಒಣಹುಲ್ಲಿನ ಹಳದಿ, ನೇರಳೆ, ನೀಲಿ ಛಾಯೆಗಳು ನವಿಲಿನ ಕತ್ತಿನಂತೆ ಮೂಡಿರುತ್ತವೆ. ಅವನ್ನು ಹಾಳೆಯಲ್ಲಿ ತರುವುದು ದುಸ್ಸಾಧ್ಯ. ಪಾರದರ್ಶಕ ಬಣ್ಣವನ್ನು ಮಂಜಿನಂತೆ ಹಾಯಿಸಬೇಕು.

ಇಲ್ಲಿಯೇ ಅತಿಯ ಮೋಹವೂ ಕಾಡುವುದು. ತಗಡಿಗೊಂದು ಛಾಯೆ ಕೊಟ್ಟು ಕೌದಿಯಂತೆ ಮಾಡಿದ ಮಾದರಿಗಳು ಸ್ಪರ್ಧೆಯಲ್ಲಿ ಕಣ್ಣು ಸೆಳೆಯುತ್ತವೆ. ನಿಜವಾದ ವಿಮಾನದ ಛಾಯಾಚಿತ್ರದಲ್ಲಿ ಎದ್ದು ಕಾಣುವ ತಗಡುಗಳು ಕೈಬೆರಳಲ್ಲಿ ಎಣಿಸುವಷ್ಟೇ ಇರುತ್ತವೆ. ಇನ್ನು ೧೯೪೪ರ ಜೂನಿನಲ್ಲಿ ನಾರ್ಮಂಡಿಯ ದಂಡಯಾತ್ರೆಗೆ ಮುನ್ನ ವಿಮಾನಗಳಿಗೆ ಹಾಕಿದ ಕಪ್ಪು ಬಿಳಿ ಪಟ್ಟೆಗಳನ್ನು ಸಿಪಾಯಿಗಳು ಅವಸರದಲ್ಲಿ ಕುಂಚದಿಂದ ಬಳಿದದ್ದು. ಮಾದರಿಗಳ ಮೇಲಾದರೋ ಅವು ದಾರ ಹಿಡಿದು ಎಳೆದಂತೆ ನೆಟ್ಟಗಿರುತ್ತವೆ.

ಬೆಂಗಳೂರಿನ ಬೆಳ್ಳಿ

ಬರಿಲೋಹದ ಈ ವಿಮಾನಗಳು ಕನ್ನಡನಾಡಿಗೆ ಕೇವಲ ಚಿತ್ರದಲ್ಲಿ ಕಂಡವಲ್ಲ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ೧೯೪೩ರಲ್ಲಿ ಅಮೆರಿಕದ ಸೇನಾ ವಿಮಾನದಳದ ಕೈಗೆ ಬಂದು, ಭಾರತ ಮತ್ತು ಬರ್ಮಾ ರಣರಂಗದ ಅಮೆರಿಕನ್ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಇಲ್ಲಿನ ಕೆಲಸಗಾರರು ಆಲ್‌ಕ್ಲಾಡ್ ತಗಡನ್ನು ಕತ್ತರಿಸಿ ರಿವೆಟ್ಟು ಹೊಡೆದವರು. ಮುಂದೆ ಇದೇ ಕಾರ್ಖಾನೆಯಲ್ಲಿ ನ್ಯಾಟ್ ಎಂಬ ಪುಟ್ಟ ಜೆಟ್ ಯುದ್ಧವಿಮಾನ ತಯಾರಾಯಿತು. ೧೯೬೫ರ ಯುದ್ಧದಲ್ಲಿ ಹೆಸರು ಪಡೆದ ನ್ಯಾಟುಗಳು ಬೆಳ್ಳಿಯ ಮೈಯವು. ೧೯೭೧ರ ಯುದ್ಧದ ಹೊತ್ತಿಗೆ ಅವಕ್ಕೆ ಮರೆಬಣ್ಣ ಬಂದಿತ್ತು. ಆದ್ದರಿಂದ ೧೯೬೫ರ ನ್ಯಾಟನ್ನು ಕಟ್ಟಬಯಸುವ ಹವ್ಯಾಸಿಗೆ ಈ ಬೆಳ್ಳಿಯ ಪರೀಕ್ಷೆ ತಪ್ಪಿದ್ದಲ್ಲ. ನಿಜವಾದ ನ್ಯಾಟಿನ ರೆಕ್ಕೆಯ ಹರವು ೬.೭೩ ಮೀಟರು, ಮಾದರಿಯಲ್ಲಿ ಒಂಬತ್ತೂಕಾಲು ಸೆಂಟಿಮೀಟರಿಗೆ ತುಸು ಹೆಚ್ಚು. ಅಂಗೈಯಲ್ಲಿ ಹಿಡಿಸುವ ಈ ವಿಮಾನದ ಒಂದು ತಗಡಿಗೆ ಬೇಕಾಗುವ ಹಾಳೆ ಕೆಲವೆಡೆ ಬೆರಳಿನ ಉಗುರಿಗಿಂತ ಕಿರಿದು.

ಅವನಿಗೆ ಆಧಾರ ಯಾವುದು? ವೃತ್ತಗಳಲ್ಲಿ, ಸೈನಿಕ ನೆಲೆಗಳ ಬಾಗಿಲಲ್ಲಿ ಕಂಬವೇರಿ ನಿಂತ ಹಳೆಯ ವಿಮಾನಗಳಿಗೆ ಮಳೆ ಬಿಸಿಲಿನ ರಕ್ಷಣೆಗಾಗಿ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಅದನ್ನು ನೋಡಿ ಕಟ್ಟಿದರೆ ಕಂಬದ ಮೇಲಿನ ವಿಮಾನ ಸಿಕ್ಕೀತು, ಹಾರಿದ ವಿಮಾನವಲ್ಲ. ಉಳಿದಿರುವುದು ಆ ಕಾಲದ ಕಪ್ಪು ಬಿಳುಪು ಛಾಯಾಚಿತ್ರಗಳು. ಅವು ಬಣ್ಣವನ್ನು ಹೇಳವು, ಆದರೆ ಯಾವ ತಗಡು ಮಂಕು, ಯಾವುದು ಹೊಳಪು, ಕೊಳವೆಯ ಬಾಯಿಯಲ್ಲಿ ಮಸಿ ಎಲ್ಲಿಯವರೆಗೆ ಹರಡಿದೆ, ಯಂತ್ರಿಕನ ಬೂಟುಗಾಲು ರೆಕ್ಕೆಯ ಬುಡದಲ್ಲಿ ಎಲ್ಲಿ ಊರುತ್ತಿತ್ತು ಎಂಬುದನ್ನು ಚೆನ್ನಾಗಿಯೇ ಹೇಳುತ್ತವೆ. ಭೂತಗನ್ನಡಿ ಹಿಡಿದು ಒಂದು ಚಿತ್ರದ ಮುಂದೆ ಒಂದು ಸಂಜೆ ಕಳೆದರೆ ವ್ಯರ್ಥವೇನಲ್ಲ.

ಹೀಗೆ ವಾರಗಳು ಉರುಳುತ್ತವೆ. ಬೆನ್ನು ಮುಗಿಯಿತು, ರೆಕ್ಕೆಗಳು ಮುಗಿದವು, ತ್ರಿವರ್ಣದ ವೃತ್ತಗಳೂ ಅಂಟಿದುವು. ಹೊಟ್ಟೆಯ ಕೆಳಗೆ ಚಕ್ರಗಳ ನಡುವೆ ಒಂದು ಚಿಕ್ಕ ತೆರಪಿನ ಮುಚ್ಚಳ ಉಳಿದಿದೆ. ವಿಮಾನವನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವಂತಿಲ್ಲ. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಹಾಳೆಯ ಮಂಕು ಮುಖವನ್ನು ಮೇಲಕ್ಕೆ ಮಾಡಿ, ಅವನು ಅದನ್ನೂ ಅಳತೆಗೆ ಕತ್ತರಿಸತೊಡಗುತ್ತಾನೆ.